ಐದನೇ ಕೋಣೆಯ ಸರಪಳಿ

ಸೇಬು ಕಿತ್ತ ಮೇಲೂ ಉಸಿರಾಡುತ್ತದೆ. ಇದು ನನ್ನ ಮಾತಲ್ಲ, ನಮ್ಮ ಉಗ್ರಾಣಕ್ಕೆ ಸೇರಿದವರಿಗೆಲ್ಲ ಮೊದಲ ದಿನ ಹೇಳಿಕೊಡುವ ಪಾಠ. ಉಸಿರಾಡುತ್ತಾ ಉಸಿರಾಡುತ್ತಾ ಅದಕ್ಕೆ ವಯಸ್ಸಾಗುತ್ತದೆ, ಮೆತ್ತಗಾಗುತ್ತದೆ, ಕೊಳೆಯುತ್ತದೆ. ಹಾಗಾಗಬಾರದು ಅಂದರೆ ಅದರ ಉಸಿರು ಕಟ್ಟಬೇಕು. ಕೋಣೆ ತುಂಬ ಪೆಟ್ಟಿಗೆ ಪೇರಿಸಿ, ಬಾಗಿಲು ಎಳೆದು, ಸುತ್ತಲೂ ರಬ್ಬರು ಪಟ್ಟಿ ಬಿಗಿದು, ಒಳಗಿನ ಆಮ್ಲಜನಕವನ್ನು ಹೊರಗೆ ದಬ್ಬಿ ಸಾರಜನಕ ತುಂಬುತ್ತೇವೆ. ಮಾರನೆಯ ದಿನದ ಹೊತ್ತಿಗೆ ಒಳಗೆ ಬೆಂಕಿಕಡ್ಡಿ ಕೂಡ ಹತ್ತುವುದಿಲ್ಲ. ಸೇಬು ಐದಾರು ತಿಂಗಳು ಹಾಗೇ ನಿದ್ದೆ ಹೋಗಿರುತ್ತದೆ. ಮನುಷ್ಯನಾದರೆ ಐದು ನಿಮಿಷ ತಡೆಯುವುದಿಲ್ಲ.

ಅದಕ್ಕೇ ನಮ್ಮಲ್ಲಿ ಸರಪಳಿ ಇರುವುದು. ಬಾಗಿಲು ಮುಚ್ಚುವ ಮುಂಚೆ ಎಲ್ಲರೂ ಹೊರಗಿನ ಓಣಿಯಲ್ಲಿ ನಿಲ್ಲಬೇಕು. ಮೊದಲನೆಯವಳು ಎರಡನೆಯವನನ್ನು ಕೂಗುತ್ತಾಳೆ. ಅವನು "ಇದ್ದೀನಿ" ಅಂದು ಮೂರನೆಯವಳನ್ನು ಕೂಗುತ್ತಾನೆ. ಹೀಗೆ ಹೋಗಿ ಹೋಗಿ ಕೊನೆಯವಳು ಮತ್ತೆ ಮೊದಲನೆಯವಳನ್ನು ಕೂಗಿದಾಗ ಸರಪಳಿ ಕೂಡಿಕೊಳ್ಳುತ್ತದೆ. ಆಗ ಮೊದಲನೆಯವಳು "ಇದ್ದೀನಿ. ಮುಚ್ಚಿ" ಅನ್ನಬೇಕು. ಆಮೇಲೆಯೇ ಬಾಗಿಲು.

ಆ ಮೊದಲನೆಯವಳು ನಾನು. ಹದಿನಾರು ವರ್ಷದಿಂದ ಸೇಬು ಆರಿಸುವ ಮೇಜಿನ ಯಜಮಾನಿಕೆ ನನ್ನದೇ. ಎಲ್ಲರೂ ನನ್ನನ್ನು ಅತ್ತೆ ಅನ್ನುತ್ತಾರೆ. ನನ್ನ ಬಾಯಿಗೆ ಆ ಹೆಸರು ಬಂತೋ, ಆ ಹೆಸರಿಗೆ ತಕ್ಕ ಬಾಯಿ ಬಂತೋ, ಈಗ ನೆನಪಿಲ್ಲ. ಉಳಿದವರ ಅಡ್ಡಹೆಸರುಗಳನ್ನೆಲ್ಲ ಇಟ್ಟವಳು ನಾನೇ. ಪೆಟ್ಟಿಗೆ ಎತ್ತುವ ಗಾಡಿ ಓಡಿಸುವವನು ಆಮೆ. ಅವನ ಗಾಡಿಗೆ ದಾರಿ ಬಿಟ್ಟು ನಿಂತವರಿಗೆ ಕಾಲು ಜೋಮು ಹಿಡಿಯುತ್ತದೆ. ತೂಕ ನೋಡುವವಳು ತಕ್ಕಡಿ. ಯಂತ್ರ ನೋಡಿಕೊಳ್ಳುವವನು ಸ್ಕ್ರೂ, ಯಾಕೆ ಅಂತ ಕೇಳಬೇಡಿ. ಪೆಟ್ಟಿಗೆಗೆ ಚೀಟಿ ಅಂಟಿಸುವವಳು ನಾದಿನಿ; ಅತ್ತೆ ಇದ್ದ ಮೇಲೆ ಮನೆಯಲ್ಲಿ ಒಬ್ಬಳು ನಾದಿನಿ ಬೇಡವೇ? ನಾನು ಎಡ ಅಂದರೆ ಅವಳು ಬಲ. ಅತ್ತೆ, ಆಮೆ, ತಕ್ಕಡಿ, ಸ್ಕ್ರೂ, ನಾದಿನಿ, ಮತ್ತೆ ಅತ್ತೆ. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ತಪ್ಪದೆ ಬರುತ್ತಿತ್ತು. ಅದೇ ನಮ್ಮ ಹೆಮ್ಮೆ, ಅದೇ ನಮ್ಮ ತಪ್ಪು.

ಆರನೆಯವಳು ಬಂದದ್ದು ಹೋದ ಸುಗ್ಗಿಗೆ ಐದು ತಿಂಗಳ ಮುಂಚೆ. ಆ ಕೆಲಸಕ್ಕೆ ನನ್ನ ತಂಗಿಯ ಮಗಳು ಸೇರಬೇಕಿತ್ತು. ನಾನೇ ಹೇಳಿಟ್ಟಿದ್ದೆ. ಮಾಲೀಕರ ಅಳಿಯ ನಮ್ಮ ಮ್ಯಾನೇಜರು. ಬೆನ್ನ ಹಿಂದೆ ನಾವು ಅವರನ್ನು ಅಳಿಯಂದಿರು ಅಂತಲೇ ಕರೆಯುತ್ತೇವೆ. "ನೋಡೋಣ ನೋಡೋಣ" ಅಂದು ತಲೆಯಾಡಿಸಿದ್ದವರು, ಒಂದು ಬೆಳಗ್ಗೆ ಈ ಹೆಂಗಸನ್ನು ಕರೆತಂದು ನಿಲ್ಲಿಸಿ, ಇವಳೇ ಅಂದುಬಿಟ್ಟರು. ಬೇರೆ ಕಡೆಯವಳು. ಮಾತಿನ ಎಳೆತ ಬೇರೆ. ಮೂವತ್ತರ ಆಚೀಚೆ ವಯಸ್ಸು, ತೆಳ್ಳಗಿನ ಕೈ, ಸೇಬನ್ನು ಮುಟ್ಟಿದ ಕೂಡಲೇ ಒಳಗಿನ ಪೆಟ್ಟು ಕಂಡುಹಿಡಿಯುವ ಬೆರಳು. ಅದು ನನಗೆ ಮೊದಲ ದಿನವೇ ಗೊತ್ತಾಯಿತು, ಹೊಟ್ಟೆ ಇನ್ನಷ್ಟು ಉರಿಯಿತು.

ನಾನು ಅವಳಿಗೆ ಹೆಸರಿಡಲಿಲ್ಲ. ಅಷ್ಟೇ ಮಾಡಿದ್ದು. ಬೈಯಲಿಲ್ಲ, ಜಗಳ ಕಾಯಲಿಲ್ಲ, ದೂರು ಬರೆಯಲಿಲ್ಲ. ಚಹಾದ ಕೋಣೆಯ ಗೋಡೆಯಲ್ಲಿ ಐದು ಲೋಟಕ್ಕೆ ಐದು ಕೊಕ್ಕೆ ಇದ್ದವು, ಆರನೆಯದನ್ನು ಯಾರೂ ಹೊಡೆಯಲಿಲ್ಲ. ಅವಳು ತನ್ನ ಬಾಟಲಿಯ ಮುಚ್ಚಳದಲ್ಲಿ ಕುಡಿದಳು. ಓಣಿಯಲ್ಲಿ ದಪ್ಪ ಕೋಟು ನೇತುಹಾಕಲು ಐದು ಮೊಳೆ ಇದ್ದವು, ಅವಳು ತನ್ನದನ್ನು ನೀರಿನ ಕೊಳವೆಯ ಮೇಲೆ ಹಾಕಿದಳು. ಅವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು, ಹೋದರೆ ಶುರುವಾಗುತ್ತಿತ್ತು. ಹೊಸಬಳು ಅಂತಿದ್ದೆವು. ಐದು ತಿಂಗಳಾದರೂ ಹೊಸಬಳೇ. ಸರಪಳಿ ಕೂಗುವಾಗ ಅವಳು ಪಕ್ಕದಲ್ಲಿ ನಿಂತು ನಮ್ಮ ಮುಖ ನೋಡುತ್ತಿದ್ದಳು. ಹೆಸರಿಲ್ಲದವಳನ್ನು ಏನಂತ ಕೂಗುವುದು?

ಈ ಮಧ್ಯೆ ತಂಗಿಯ ಮಗಳಿಗೆ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಎರಡನೇ ವಾರ ಮನೆಗೆ ಬಂದು ಅತ್ತಳು. "ದೊಡ್ಡಮ್ಮ, ಅಲ್ಲಿ ಯಾರೂ ನನ್ನ ಮಾತಾಡ್ಸೋದೇ ಇಲ್ಲ. ಊಟಕ್ಕೆ ಎಲ್ರೂ ಒಟ್ಟಿಗೆ ಎದ್ದು ಹೋಗ್ತಾರೆ, ನಾನು ಮೆಟ್ಟಿಲ ಮೇಲೆ ಕೂತ್ಕೊಂಡು ತಿಂತೀನಿ" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. "ಎಂಥ ಜನಾನಮ್ಮ ಅವ್ರು! ಮನುಷ್ಯರೋ ಮರವೋ?" ಅಂತ ಅರ್ಧ ಗಂಟೆ ಬೈದೆ. ಬೈದು ಮಲಗಿ, ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಿ, ಹೊಸಬಳು "ನಮಸ್ಕಾರ" ಅಂದಾಗ ಸೇಬಿನ ಪೆಟ್ಟಿಗೆಯ ಕಡೆ ತಿರುಗಿಕೊಂಡೆ. ಬೇರೆಯವರ ತಟ್ಟೆಯ ನೊಣ ಕಾಣುತ್ತದೆ, ನಮ್ಮ ತಟ್ಟೆಯ ಹೆಗ್ಗಣ ಕಾಣುವುದಿಲ್ಲ ಅನ್ನುವುದು ಇದಕ್ಕೇ.

ಅಳಿಯಂದಿರು ಒಂದು ದಿನ ತರಬೇತಿ ಏರ್ಪಡಿಸಿದರು. ಯಾರೋ ಒಬ್ಬ ಮೇಡಮ್ಮು ಬಂದು, ಕೆಲಸದ ಜಾಗದಲ್ಲಿ ಎಲ್ಲರನ್ನೂ ಒಳಗೊಳ್ಳುವುದು ಹೇಗೆ ಅಂತ ಎರಡು ಗಂಟೆ ಮಾತಾಡಿದರು. ದೊಡ್ಡದೇನೂ ಬೇಡವಂತೆ, ದಿನದಿನದ ಸಣ್ಣ ನಡವಳಿಕೆ ಸಾಕಂತೆ. ಬೆಳಗ್ಗೆ ಹೆಸರು ಹಿಡಿದು ಮಾತಾಡಿಸಿ, ಊಟಕ್ಕೆ ಕರೆಯಿರಿ, ಒಬ್ಬರು ಮಾತಾಡುವಾಗ ಮುಖ ನೋಡಿ. ಇದನ್ನು ಹೇಳೋಕೆ ಕಾರು ಹತ್ತಿ ಬರಬೇಕಾ ಅಂತ ನಾನು ನಾದಿನಿಯ ಕಿವಿಯಲ್ಲಿ ಅಂದೆ. ಅವಳು ಹದಿನಾರು ವರ್ಷದಲ್ಲಿ ಮೊದಲ ಸಲ ನನ್ನ ಮಾತು ಒಪ್ಪಿಕೊಂಡಳು. ಕೋಣನ ಮುಂದೆ ಕಿನ್ನರಿ ಬಾರಿಸಿ ಮೇಡಮ್ಮು ಹೋದರು. ಅವರು ಕೊಟ್ಟ 'ಎಲ್ಲರೂ ನಮ್ಮವರೇ' ಅನ್ನುವ ದೊಡ್ಡ ಕಾಗದವನ್ನು ಐದು ಲೋಟದ ಮೇಲೆ ಅಂಟಿಸಿದೆವು. ಆ ಎರಡು ಗಂಟೆಯೂ ಹೊಸಬಳು ಬಾಗಿಲ ಹತ್ತಿರ ನಿಂತೇ ಇದ್ದಳು. ಕುರ್ಚಿ ಐದೇ ಇದ್ದವು.

ದೀಪದ ವಿಷಯ ಆಮೇಲೆ ಶುರುವಾಯಿತು. ನಮ್ಮ ಓಣಿಯಲ್ಲಿ ಜನ ನಡೆದರೆ ತಾನಾಗಿ ಹತ್ತುವ ದೀಪಗಳಿವೆ. ಒಂದು ಮಧ್ಯಾಹ್ನ ಆಮೆ ನಗುತ್ತಾ ಬಂದು, "ಅತ್ತೆ, ಆ ಹೊಸಬಳು ನಡೆದ್ರೆ ದೀಪ ಹತ್ತಲ್ಲ ನೋಡು" ಅಂದ. ನೋಡಿದೆವು. ಅವಳು ಪೆಟ್ಟಿಗೆ ಹಿಡಿದು ಓಣಿಯ ಆ ತುದಿಯಿಂದ ಈ ತುದಿಗೆ ಬಂದಳು. ಒಂದೂ ಹತ್ತಲಿಲ್ಲ. ಹಿಂದೆಯೇ ತಕ್ಕಡಿ ಬಂದಳು, ಪಟಪಟ ಎಲ್ಲ ಹತ್ತಿದವು. ಸ್ಕ್ರೂ ಏಣಿ ಹಾಕಿ ಒಂದೊಂದನ್ನೂ ಬಿಚ್ಚಿ ನೋಡಿ, "ಎಲ್ಲ ಸರಿಯಾಗೇ ಇದೆ" ಅಂದ. ನಾವು ನಕ್ಕೆವು. ಅವಳು ನಗಲಿಲ್ಲ. ಕತ್ತಲಲ್ಲಿ ನಡೆದು ನಡೆದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಎಲ್ಲಿ ಮೆಟ್ಟಿಲು, ಎಲ್ಲಿ ನೀರು ತೊಟ್ಟಿಕ್ಕಿ ಜಾರುತ್ತದೆ ಎಂದು ನೋಡದೆಯೇ ಕಾಲಿಡುತ್ತಿದ್ದಳು.

ನಿಜ ಹೇಳುತ್ತೇನೆ, ಆವತ್ತೇ ನನಗೆ ಒಳಗೊಳಗೆ ಅಳುಕಾಯಿತು. ಆದರೆ ಹದಿನಾರು ವರ್ಷದ ಅತ್ತೆ ಅಳುಕಿದ್ದನ್ನು ತೋರಿಸಿಕೊಳ್ಳುತ್ತಾಳೆಯೇ?

ಸುಗ್ಗಿ ಬಂತು, ಕೋಣೆಗಳು ತುಂಬತೊಡಗಿದವು. ಎರಡನೇ ಕೋಣೆ ಮುಚ್ಚುವ ದಿನ ಸರಪಳಿ ಎಂದಿನಂತೆ ಶುರುಮಾಡಿದೆ. ಆಮೆ. ತಕ್ಕಡಿ. ಸ್ಕ್ರೂ. ನಾದಿನಿ "ಇದ್ದೀನಿ" ಅಂದಳು. ಅವಳು "ಅತ್ತೆ" ಅಂತ ಕೂಗುವ ಮುಂಚೆ, ಕೋಣೆಯ ಒಳಗಿಂದ ಇನ್ನೊಂದು "ಇದ್ದೀನಿ" ಬಂತು. ಮೆಲ್ಲಗೆ, ಬೇಸರದಿಂದ, ದಿನಾ ಹೇಳುವವರು ಹೇಳುವ ಹಾಗೆ.

ಸ್ಕ್ರೂ ದೀಪ ಹಿಡಿದು ಒಳಗೆ ಹೋಗಿ ಮೂಲೆ ಮೂಲೆ ನೋಡಿ ಬಂದ. ಯಾರೂ ಇಲ್ಲ.

"ಪ್ರತಿಧ್ವನಿ ಇರ್ಬೇಕು" ಅಂದಳು ತಕ್ಕಡಿ.

ಖಾಲಿ ಕೋಣೆಯಲ್ಲಿ ಪ್ರತಿಧ್ವನಿ ಬರುತ್ತದೆ. ತುಂಬಿದ ಕೋಣೆಯಲ್ಲಿ ಬರುವುದಿಲ್ಲ. ಮರದ ಪೆಟ್ಟಿಗೆಗಳು ಶಬ್ದವನ್ನು ನುಂಗಿಬಿಡುತ್ತವೆ. ಅದು ತಕ್ಕಡಿಗೂ ಗೊತ್ತು, ನನಗೂ ಗೊತ್ತು. ನಾನು ಹೊಸಬಳ ಕಡೆ ತಿರುಗಿ, "ತಮಾಷೆ ಮಾಡೋ ಜಾಗ ಅಲ್ಲ ಇದು" ಅಂದೆ. ಐದು ತಿಂಗಳಲ್ಲಿ ನಾನು ಅವಳಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು.

"ನಾನಲ್ಲ" ಅಂದಳು. ಆಮೇಲೆ ಎಲ್ಲರೂ ಚಹಾಕ್ಕೆ ಹೋದ ಮೇಲೆ ನನ್ನ ಹಿಂದೆಯೇ ಬಂದು, ದನಿ ತಗ್ಗಿಸಿ, "ಅತ್ತೆ, ಆ ದನಿ ನಿಮ್ದೇ ಇತ್ತು. ನಿಮ್ಮ ಬಾಯಿ ಮುಚ್ಚಿತ್ತು, ನಾನು ನೋಡ್ತಾ ಇದ್ದೆ. ಆದ್ರೆ ದನಿ ನಿಮ್ದು" ಅಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನಗೂ ಹಾಗೇ ಆಯಿತು, ಯಾಕೆಂದರೆ ನನಗೂ ಅದು ನನ್ನ ದನಿಯೆಂದೇ ಕೇಳಿಸಿತ್ತು. ಸಿಟ್ಟು ನೆತ್ತಿಗೇರಿತು. "ನಿಂಗೆ ನಾನು ಅತ್ತೆ ಅಲ್ಲ" ಅಂದೆ. "ಅದು ನಮ್ಮವರು ಕರೆಯೋ ಹೆಸರು."

ಅವಳು ಹೂಂ ಅನ್ನುವ ಹಾಗೆ ತಲೆಯಾಡಿಸಿ ಹೋದಳು. ಅವಳು ಓಣಿ ದಾಟುವಾಗ ದೀಪ ಹತ್ತಲಿಲ್ಲ. ಅದೇನು ದರಿದ್ರವೋ, ಅವಳ ಹಿಂದೆ ಹೊರಟ ನನಗೂ ಮೊದಲ ಎರಡು ದೀಪ ಹತ್ತಲಿಲ್ಲ.

ಮೂರನೇ ಕೋಣೆ, ನಾಲ್ಕನೇ ಕೋಣೆ ಏನೂ ಆಗದೆ ಮುಚ್ಚಿದವು. ಉಳಿದದ್ದು ಐದನೆಯದು, ಆ ವರ್ಷದ ಕೊನೆಯದು. ಅದಾದ ಮೇಲೆ ಎಲ್ಲರಿಗೂ ಎರಡು ದಿನ ರಜೆ. ನಾನು ಕೆಲಸ ಮುಗಿಸಿ ನೇರವಾಗಿ ಚಿಕ್ಕಪ್ಪನ ಮಗಳ ಊರಿಗೆ ಹೋಗುವವಳಿದ್ದೆ. ಮನೆಯಲ್ಲಿ ತಂಗಿಗೆ ಹಾಗೆಂದು ಹೇಳಿದ್ದೆ. ಚಿಕ್ಕಪ್ಪನ ಮಗಳಿಗೆ ಹೇಳಿರಲಿಲ್ಲ. ದಿಢೀರನೆ ಹೋಗಿ ನಿಂತು ಅವಳನ್ನು ಬೆಚ್ಚಿಬೀಳಿಸುವ ಆಸೆ.

ಮಧ್ಯಾಹ್ನ ಎರಡೂವರೆ. ಪೆಟ್ಟಿಗೆಗಳೆಲ್ಲ ಸೂರು ಮುಟ್ಟಿದ್ದವು. ಎಲ್ಲರೂ ಓಣಿಗೆ ಬಂದಿದ್ದರು. ನನಗೆ ಹಿಂದಿನ ಗೋಡೆಯ ಸಾಲಿನಲ್ಲಿ ನೋಡಿದ್ದ ಒಂದು ಸೇಬು ನೆನಪಾಯಿತು. ಹೆಬ್ಬೆರಳಷ್ಟು ಕಂದು ಕಲೆ. ಒಂದು ಕೊಳೆತದ್ದು ಕೋಣೆಯನ್ನೇ ಕೆಡಿಸುತ್ತದೆ. ಹೊಸಬಳ ಬೆರಳಿಗೆ ಅದು ಸಿಕ್ಕಿ, ನನ್ನ ಕಣ್ಣಿಗೆ ತಪ್ಪಿತ್ತು ಅಂತ ಮುಂದೆ ಕೋಣೆ ತೆಗೆದಾಗ ಮಾತಾಗಬಾರದು. ಯಾರಿಗೂ ಹೇಳದೆ, ಗೋಡೆಗೂ ಪೆಟ್ಟಿಗೆಗೂ ನಡುವಿನ ಸಂದಿಯಲ್ಲಿ ಅಡ್ಡಡ್ಡ ನುಸುಳಿಕೊಂಡು ಹೋದೆ. ಭಯವೇನು? ನಾನು ಶುರುಮಾಡದೆ ಸರಪಳಿ ಶುರುವಾಗುವುದೇ ಇಲ್ಲವಲ್ಲ.

ಸೇಬು ಸಿಕ್ಕಿತು. ಎತ್ತಿ ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದೆ.

"ಆಮೆ!" ಅಂತ ಓಣಿಯಿಂದ ಕೂಗು ಬಂತು.

ನನ್ನ ದನಿ. ಗದರಿಸುವ ಹಾಗೆ ಮೊದಲ ಅಕ್ಷರ ಒತ್ತಿ, ಕೊನೆಯದನ್ನು ಎಳೆದು, ನಾನು ಹೇಗೆ ಕೂಗುತ್ತೇನೋ ಹಾಗೆ. "ಇದ್ದೀನಿ! ತಕ್ಕಡಿ!" ಅಂದ ಆಮೆ. "ಇದ್ದೀನಿ! ಸ್ಕ್ರೂ!" "ಇದ್ದೀನಿ! ನಾದಿನಿ!" "ಇದ್ದೀನಿ! ಅತ್ತೆ!"

"ಇದ್ದೀನಿ" ಅಂತು ನನ್ನ ದನಿ, ಹೊರಗೆ. "ಮುಚ್ಚಿ."

ಆಗ ನನಗೆ ಕೂಗು ಬಂತು. ಎಷ್ಟು ಕೂಗಿದೆನೋ ಗೊತ್ತಿಲ್ಲ. ಪೆಟ್ಟಿಗೆಗಳು ಎಲ್ಲವನ್ನೂ ನುಂಗಿದವು. ಬಾಗಿಲು ಗಡಗಡ ಉರುಳಿ ಬಂದು ಕೂತಿತು. ಬೋಲ್ಟು ಬಿದ್ದ ಸದ್ದು ಒಂದು, ಎರಡು, ಮೂರು, ನಾಲ್ಕು. ದೀಪ ಆರಿತು. ಸಂದಿಯಲ್ಲಿ ಮೊಣಕೈ ಮಂಡಿ ತರಚಿಕೊಂಡು ಕತ್ತಲಲ್ಲಿ ಮುಂದೆ ಬಂದೆ. ಒಳಗಿನಿಂದ ಬಾಗಿಲು ತೆಗೆಯುವ ಹಿಡಿ ಒಂದು ಕಾಲದಲ್ಲಿ ಇತ್ತು. ಅದರ ಸುತ್ತ ಗಾಳಿ ಸೋರುತ್ತದೆ ಅಂತ ಎರಡು ವರ್ಷದ ಹಿಂದೆ ಅಳಿಯಂದಿರು ಅದನ್ನು ತೆಗೆಸಿ ತೂತು ಮುಚ್ಚಿಸಿದ್ದರು. ಸರಪಳಿ ಇದೆಯಲ್ಲ, ಹಿಡಿ ಯಾಕೆ ಅಂದಿದ್ದೆವು. ಅಂದವಳು ನಾನೇ.

ಬಾಗಿಲಲ್ಲಿ ಅಂಗೈ ಅಗಲದ ಒಂದು ಗಾಜಿದೆ. ಅದರ ನೆತ್ತಿಯ ಮೇಲೇ ಸಾರಜನಕದ ಕೊಳವೆ. ಯಂತ್ರ ಶುರುವಾಗಿತ್ತು. ಕೋಣೆ ತುಂಬಲು ಹೊತ್ತು ಬೇಕು, ಆದರೆ ಕೊಳವೆಯ ಬಾಯಿಗೆ ನಿಂತವರಿಗೆ ಅಲ್ಲೇ ಉಸಿರಿಲ್ಲ. ಹೊರಗಿನವರಿಗೆ ನಾನು ಕಾಣಬಹುದಾದ ಜಾಗ ಅದೊಂದೇ. ಉಸಿರು ಬಿಗಿಹಿಡಿದು ಹೋಗಿ ಗಾಜಿಗೆ ಮುಖ ಒತ್ತುವುದು, ತಲೆ ತಿರುಗಿದ ಕೂಡಲೇ ಹಿಂದಕ್ಕೆ ಸರಿದು ನೆಲಕ್ಕೆ ಬಗ್ಗಿ ಉಸಿರೆಳೆಯುವುದು, ಮತ್ತೆ ಹೋಗುವುದು.

ಮೊದಲ ಸಲ ನೋಡಿದಾಗ ಕಂಡದ್ದನ್ನು ಈಗಲೂ ಮರೆಯಲಾರೆ. ಓಣಿ ಬೆಳ್ಳಗೆ ಬೆಳಗುತ್ತಿತ್ತು. ನಾಲ್ವರೂ ಕೋಟು ಬಿಚ್ಚುತ್ತಾ ನಗುತ್ತಿದ್ದರು. ಆಮೆಗೂ ನಾದಿನಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದರು. ಅದು ನನ್ನ ಜಾಗ. ಅಲ್ಲಿ ಯಾರೂ ಇರಲಿಲ್ಲ. ಆದರೆ ನಾದಿನಿ ಆ ಕಡೆ ತಿರುಗಿ ಏನೋ ಅಂದಳು, ಉತ್ತರ ಕೇಳಿಸಿಕೊಳ್ಳುವಷ್ಟು ಹೊತ್ತು ಕಾದಳು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೆ ಆ ಖಾಲಿ ಜಾಗದ ಭುಜ ತಟ್ಟಿದ.

ನಾನು ಗಾಜು ಬಡಿದೆ. ಒಳಗೆ ಕತ್ತಲು, ಹೊರಗೆ ಬೆಳಕು. ಅವರಿಗೆ ಗಾಜಿನಲ್ಲಿ ಕಾಣುವುದು ಅವರ ಮುಖವೇ. ಮುಷ್ಟಿಯ ಸದ್ದು ಯಂತ್ರದ ಸದ್ದಿನಲ್ಲಿ ಮುಳುಗಿಹೋಯಿತು.

ನೆಲಕ್ಕೆ ಬಗ್ಗಿ ಉಸಿರೆಳೆದು ಮತ್ತೆ ಎದ್ದೆ. ಆಗ ಹೊಸಬಳು ಕಂಡಳು. ಅವಳು ನಗುತ್ತಿದ್ದವರನ್ನು ನೋಡುತ್ತಿರಲಿಲ್ಲ, ಗೋಡೆಯ ಮೊಳೆಗಳನ್ನು ನೋಡುತ್ತಿದ್ದಳು. ಒಂದು, ಎರಡು, ಮೂರು, ನಾಲ್ಕು ಕೋಟು. ಐದನೇ ಮೊಳೆ ಬರಿದು. ಮೊಳೆ ಇಲ್ಲದವಳಿಗೆ ಎಲ್ಲರ ಮೊಳೆಯೂ ಗೊತ್ತಿರುತ್ತದೆ. ಅವಳು ತಿರುಗಿ ಅವರಿಗೆ ಏನೋ ಕೇಳಿದಳು. ತುಟಿ ನೋಡಿ ನನಗೆ ತಿಳಿಯಿತು: ಅವರೆಲ್ಲಿ?

ಯಾರೂ ತಿರುಗಲಿಲ್ಲ.

ಮತ್ತೆ ಕೇಳಿದಳು, ಜೋರಾಗಿ. ಕತ್ತಿನ ನರ ಉಬ್ಬಿತ್ತು. ಸ್ಕ್ರೂ ಆಕಳಿಸಿದ. ಅವಳು ತಕ್ಕಡಿಯ ತೋಳು ಹಿಡಿದು ಎಳೆದಳು. ತಕ್ಕಡಿ ಮಾತು ನಿಲ್ಲಿಸದೆ, ನೊಣ ಕೂತರೆ ಕೊಡವುವ ಹಾಗೆ ತೋಳು ಕೊಡವಿದಳು. ಅವರು ಕೆಟ್ಟವರಲ್ಲ. ಆ ತೋಳು ಹಾಗೆ ಕೊಡವುವುದನ್ನು ಕಲಿಸಿದವಳು ನಾನು. ಐದು ತಿಂಗಳು, ಬೆಳಗ್ಗೆ ಸಂಜೆ, ತಪ್ಪದೆ ಕಲಿಸಿದ್ದೆ. ಅವಳ ಮಾತು ಅವರ ಕಿವಿಗೆ ಬೀಳದಿದ್ದರೆ ಎರಡು ದಿನ ಯಾರೂ ಈ ಬಾಗಿಲ ಹತ್ತಿರ ಬರುವುದಿಲ್ಲ, ಯಾರೂ ನನ್ನನ್ನು ಹುಡುಕುವುದಿಲ್ಲ, ಬಾಗಿಲು ತೆಗೆಯುವುದು ಐದು ತಿಂಗಳಿಗೆ. ಮಾಡಿದ್ದುಣ್ಣೋ ಮಹಾರಾಯ ಅಂತ ಬೇರೆಯವರಿಗೆ ನೂರು ಸಲ ಹೇಳಿದ್ದೆ. ಆವತ್ತು ನನ್ನ ತಟ್ಟೆಗೆ ಬಡಿಸಿತ್ತು.

ಬಿದ್ದೆ. ಮಂಡಿಯ ಮೇಲೆ ಬಿದ್ದು ಉಸಿರೆಳೆದೆ. ಗಾಳಿ ತೆಳುವಾಗುತ್ತಿತ್ತೋ, ನನ್ನ ಹೆದರಿಕೆಯೋ. ದೇವರೇ, ಅವಳ ಹೆಸರು ಗೊತ್ತಿದ್ದರೆ ಕೂಗುತ್ತಿದ್ದೆ ಅನ್ನಿಸಿತು. ಗೊತ್ತಿರಲಿಲ್ಲ. ಗಾಜು ಹಿಡಿದು ಮತ್ತೆ ಎದ್ದೆ.

ನಾಲ್ವರೂ ಹೊರಡಲು ಚೀಲ ಎತ್ತಿಕೊಂಡಿದ್ದರು. ಹೊಸಬಳು ಅವರ ದಾರಿಗೆ ಅಡ್ಡ ನಿಂತಿದ್ದಳು. ಅವರು ಅವಳನ್ನು ಬಳಸಿಕೊಂಡು ಹೋಗುತ್ತಿದ್ದರು, ಕಂಬವನ್ನು ಬಳಸುವಂತೆ. ಅವಳು ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದಳು. ಸೊಂಟದ ಮೇಲೆ ಕೈಯಿಟ್ಟು, ಥೇಟು ನನ್ನ ಹಾಗೆ ಗದ್ದ ಮೇಲೆತ್ತಿ ಕೂಗಿದಳು. ಅವಳ ತುಟಿ ನಾನು ಸ್ಪಷ್ಟವಾಗಿ ನೋಡಿದೆ.

ಆಮೆ!

ಆಮೆ ನಿಂತ. ಯಾರು ಕೂಗಿದರು ಅಂತ ಅವನಿಗೆ ತಿಳಿದಿರಲಿಲ್ಲ, ಅವನ ಮುಖದಲ್ಲೇ ಕಾಣುತ್ತಿತ್ತು. ಆದರೆ ಹದಿನಾರು ವರ್ಷದ ರೂಢಿ. ಕರೆದರೆ ಬಾಯಿ ತಾನೇ ತೆರೆದುಕೊಳ್ಳುತ್ತದೆ. ಇದ್ದೀನಿ, ತಕ್ಕಡಿ! ತಕ್ಕಡಿ ಚೀಲ ಕೆಳಗಿಟ್ಟಳು. ಇದ್ದೀನಿ, ಸ್ಕ್ರೂ! ಸ್ಕ್ರೂ. ನಾದಿನಿ. ಇದ್ದೀನಿ ಅಂದು ನಾದಿನಿ ಆ ಖಾಲಿ ಜಾಗದ ಕಡೆ ತಿರುಗಿ "ಅತ್ತೆ!" ಅಂದಳು.

ಹೊಸಬಳು ಅದೇ ಜಾಗವನ್ನು ಕಣ್ಣು ಮಿಟುಕಿಸದೆ ದಿಟ್ಟಿಸುತ್ತಿದ್ದಳು.

ಉತ್ತರ ಬರಲಿಲ್ಲ. ನಾದಿನಿಯ ನಗು ಮುಖದಲ್ಲೇ ಹೆಪ್ಪುಗಟ್ಟಿತು. ಅವಳು ಕೈಚಾಚಿ ಆ ಜಾಗವನ್ನು ಮುಟ್ಟಿ ನೋಡಿದಳು. ಹೊಸಬಳು ಓಡಿಬಂದು ಗಾಜಿಗೆ ಎರಡೂ ಕೈ ಗೋಡೆ ಮಾಡಿ, ಹಣೆ ಒತ್ತಿ ಒಳಗೆ ಇಣುಕಿದಳು. ಅವಳ ಕಣ್ಣು ನನ್ನ ಕಣ್ಣಿನ ಎದುರಿಗೇ ಬಂತು. ಅವಳು ಕೂಗಿದ್ದು ಗಾಜಿನ ಮೂಲಕ ನನಗೆ ಕೇಳಿಸಿತು.

"ಅತ್ತೆ!"

ನಾನು ಕೊನೆಯ ಉಸಿರಿನಲ್ಲಿ ಮುಷ್ಟಿ ಎತ್ತಿ ಗಾಜಿಗೆ ಗುದ್ದಿ, "ಇದ್ದೀನಿ" ಅಂದೆ.

ಬೋಲ್ಟು ಬಿಚ್ಚಿದ್ದು ನೆನಪಿಲ್ಲ. ಓಣಿಯ ನೆಲದ ಮೇಲೆ ಬಿದ್ದಿದ್ದೆ, ತಲೆ ಅವಳ ತೊಡೆಯ ಮೇಲಿತ್ತು. ಆಮೆ ಆ ವಯಸ್ಸಿನಲ್ಲಿ ಮಗುವಿನ ಹಾಗೆ ಅಳುತ್ತಿದ್ದ. "ನೀನು ನನ್ನ ಪಕ್ಕಾನೇ ನಿಂತಿದ್ದೆ ಅತ್ತೆ, ಆಣೆ ಮಾಡಿ ಹೇಳ್ತೀನಿ" ಅಂದ.

"ನನ್ನ ಹತ್ರ ಏನೋ ಹೇಳ್ದೆ, ನಾನು ನಕ್ಕೆ" ಅಂದಳು ನಾದಿನಿ.

"ನಾನೇನು ಹೇಳ್ದೆ?" ಅಂದೆ.

ಅವಳಿಗೆ ನೆನಪಾಗಲಿಲ್ಲ. ನಗುವಂಥದ್ದು ಅಂತ ಮಾತ್ರ ಗೊತ್ತಿತ್ತು.

ಆಮೇಲೆ ಒಂದು ದಿನ ನಾನು ಹೊಸಬಳನ್ನು ಕೇಳಿದೆ. ಆವತ್ತು ನನ್ನ ಜಾಗದಲ್ಲಿ ನಿಂಗೇನು ಕಾಣಿಸ್ತು? ಅವಳು ಹೇಳಿದಳು. "ಯಾರೂ ನೋಡ್ದೇ ಇರೋ ಜಾಗ ಹೇಗಿರತ್ತೆ ಅಂತ ನಂಗೆ ಚೆನ್ನಾಗಿ ಗೊತ್ತು, ನಾನು ಅಲ್ಲೇ ತಾನೇ ನಿಲ್ಲೋದು. ಅದು ಹಾಗಿರ್ಲಿಲ್ಲ. ಎಲ್ರೂ ನೋಡ್ತಿದ್ರು, ಮಾತಾಡ್ತಿದ್ರು. ಆದ್ರೆ ಅಲ್ಲಿ ಯಾರೂ ಇರ್ಲಿಲ್ಲ."

ನಾನು ಬಹಳ ಸಲ ಇದನ್ನು ಯೋಚಿಸಿದ್ದೇನೆ. ಹದಿನಾರು ವರ್ಷ ಮುಖ ನೋಡದೆ ಕೂಗಿ ಕೂಗಿ, ನಮ್ಮ ಸರಪಳಿ ನಾವಿಲ್ಲದೆಯೂ ಕೂಗಿಕೊಳ್ಳುವುದನ್ನು ಕಲಿತುಬಿಟ್ಟಿತ್ತು. ಬಾಯಿ ಇತ್ತು, ಕಿವಿ ಇತ್ತು, ಕಣ್ಣೊಂದು ಇರಲಿಲ್ಲ. ಇದಕ್ಕಿಂತ ಹೆಚ್ಚು ನನಗೆ ತಿಳಿಯದು.

ಅಳಿಯಂದಿರು ಬೆವರುತ್ತಾ ಓಡಿಬಂದು ಎಲ್ಲ ಕೋಣೆಗೂ ಒಳಗಿನ ಹಿಡಿ ಮತ್ತೆ ಹಾಕಿಸಿದರು, 'ಎಲ್ಲರೂ ನಮ್ಮವರೇ' ಕಾಗದಕ್ಕೆ ಗಾಜಿನ ಚೌಕಟ್ಟು ಕಟ್ಟಿಸಿದರು. ಅವರ ಕೈಲಾದದ್ದು ಅವರು ಮಾಡಿದರು. ನಾನು ಮನೆಯಿಂದ ಸುತ್ತಿಗೆ ತಂದು ಆ ಚೌಕಟ್ಟಿನ ಕೆಳಗೆ ಆರನೇ ಕೊಕ್ಕೆ ಹೊಡೆದೆ, ಓಣಿಯಲ್ಲಿ ಆರನೇ ಮೊಳೆ ಹೊಡೆದೆ. ಎರಡೂ ಸೊಟ್ಟಗಾದವು. ಆಮೇಲೆ ಎಲ್ಲರ ಎದುರು ಅವಳ ಮುಂದೆ ನಿಂತು, "ನಿಂಗೆ ಏನು ಹೆಸರಿಡ್ಲಮ್ಮ?" ಅಂದೆ.

"ನಂಗೆ ಹೆಸರಿದೆ" ಅಂದಳು. "ಮೊದಲ್ನೇ ದಿನಾನೇ ನಿಮಗೆ ಹೇಳಿದ್ದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಇನ್ನೊಂದ್ಸಲ ಹೇಳ್ತೀಯಾ?" ಅಂದೆ. ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಬಂದು, ಅವಳ ಮುಖ ನೋಡಿ, ಕೇಳಿ ತಿಳಿದುಕೊಳ್ಳಲಿ. ಆವತ್ತು ಸಂಜೆ ಅವಳು ಮನೆಗೆ ಹೊರಟಾಗ ಓಣಿಯ ದೀಪಗಳು ಒಂದಾದ ಮೇಲೊಂದು ಹತ್ತಿದವು. ಸ್ಕ್ರೂ ಏಣಿಯನ್ನು ಮುಟ್ಟಿಯೂ ಇರಲಿಲ್ಲ.

ಮತ್ತೆ ಮುಚ್ಚಿದ ಐದನೇ ಕೋಣೆಯನ್ನು ಐದು ತಿಂಗಳ ಮೇಲೆ ತೆಗೆದೆವು. ಈಗ ನಮ್ಮಲ್ಲಿ ಬಾಗಿಲು ತೆರೆದಾಗಲೂ ಸರಪಳಿ ಕೂಗುತ್ತೇವೆ, ಸುತ್ತ ನಿಂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು. ಅದು ಅವಳು ಹೇಳಿದ ನಿಯಮ. ಕೊನೆಯ ಕೊಂಡಿ ಅವಳದು. ನನ್ನನ್ನು ಕೂಗುವವಳು ಅವಳು. ಗಾಳಿಯಾಡಲು ಅರ್ಧ ದಿನ ಬಿಟ್ಟು, ತುಂಬಿದ ಕೋಣೆಯ ಮುಂದೆ ಆರೂ ಜನ ನಿಂತೆವು. ಆಮೆ, ತಕ್ಕಡಿ, ಸ್ಕ್ರೂ, ನಾದಿನಿ, ಅವಳು.

"ಅತ್ತೆ!" ಅಂದಳು ಅವಳು.

ನಾನು ಬಾಯಿ ತೆರೆಯುವ ಮುಂಚೆ, ಪೆಟ್ಟಿಗೆಗಳ ಹಿಂದಿನಿಂದ, ಹಿಂದಿನ ಗೋಡೆಯ ಸಂದಿಯಿಂದ, ನನ್ನ ದನಿ ಬಂತು. "ಇದ್ದೀನಿ. ಮುಚ್ಚಿ."

ಯಾರೂ ಬಾಗಿಲಿಗೆ ಕೈ ಹಾಕಲಿಲ್ಲ. ಯಾರೂ ಆ ಕಡೆ ತಿರುಗಲೂ ಇಲ್ಲ. ಐದು ಮುಖಗಳೂ ನನ್ನ ಮುಖವನ್ನೇ ನೋಡುತ್ತಾ ಕಾದವು. ಅವಳು ನನ್ನ ಕೈ ಹಿಡಿದುಕೊಂಡು, "ನೀವು ಹೇಳಿ, ಅತ್ತೆ" ಅಂದಳು.

ಇದ್ದೀನಿ ಅಂದೆ.